ಅಳೆಯದ ಸರಕಿಗೆ ತೆರುವ ಬೆಲೆ

ನಮ್ಮ ಮನೆಗೆಲಸಕ್ಕೆ ಬರುವ ಮಹಿಳೆಯ ಮಗಳು ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಒಂದು ಸಂಜೆ ತಾಯಿಯನ್ನು ಕರೆದೊಯ್ಯಲು ಬಂದವಳು ಮೊಬೈಲನ್ನು ಪಕ್ಕಕ್ಕಿಟ್ಟು ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದಳು. ಸದಾ ಅದರಲ್ಲಿ ಪಾಠ ಕೇಳುತ್ತಿರುವ ಹುಡುಗಿ ಇಂದೇಕೆ ಹೀಗೆ ಎಂದು ವಿಚಾರಿಸಿದೆ. ‘ಇವತ್ತಿನ ಒಂದೂವರೆ ಜಿಬಿ ಮುಗೀತು ತಾತ. ಇನ್ನು ರಾತ್ರಿ ಹನ್ನೆರಡಾದ ಮೇಲೇನೆ’ ಎಂದಳು. ಯಾವ ಪಾಠಕ್ಕೆ ಎಷ್ಟು ಡೇಟಾ ಖರ್ಚಾಗುತ್ತದೆ, ಚಿತ್ರದ ಗುಣಮಟ್ಟ ಎಷ್ಟು ತಗ್ಗಿಸಿದರೆ ಎಷ್ಟು ಉಳಿಯುತ್ತದೆ ಎಂಬುದೆಲ್ಲ ಆಕೆಗೆ ಬಾಯಿಪಾಠವಾಗಿತ್ತು. ಎಲ್ಲವನ್ನೂ ಹೇಳಿ ಮುಗಿಸಿ, ‘ನಿಮ್ಮ ಮನೇಲಿ ತಿಂಗಳಿಗೆ ಎಷ್ಟಾಗುತ್ತೆ ತಾತ?’ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ.

ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮೂರು ದಶಕಗಳ ಕಾಲ ಸರ್ಕಾರದ ಬಿಲ್ಲುಗಳನ್ನೂ ವೋಚರುಗಳನ್ನೂ ಪರಿಶೀಲಿಸಿದ ನನಗೆ ಇದು ಸಣ್ಣ ಮುಜುಗರವೇನಲ್ಲ. ಕಳೆದ ತಿಂಗಳು ಎಷ್ಟು ಯೂನಿಟ್ ವಿದ್ಯುತ್ ಉರಿಯಿತು, ಎಷ್ಟು ಕಿಲೋಲೀಟರ್ ಕಾವೇರಿ ನೀರು ಹರಿಯಿತು ಎಂಬುದನ್ನು ನಾನು ಹೇಳಬಲ್ಲೆ. ಆದರೆ ತಿಂಗಳಿಗೆ 1,499 ರೂಪಾಯಿ, ಅದರ ಮೇಲೆ ಶೇ 18ರ ಜಿಎಸ್‌ಟಿ ಸೇರಿ 1,768 ರೂಪಾಯಿ 82 ಪೈಸೆ ತೆರುತ್ತಿದ್ದ ಬ್ರಾಡ್‌ಬ್ಯಾಂಡ್ ಸಂಪರ್ಕದಿಂದ ನಾವು ಪಡೆದುಕೊಳ್ಳುತ್ತಿದ್ದುದು ಎಷ್ಟೆಂಬುದು ತಿಳಿದಿರಲಿಲ್ಲ. ಬಿಲ್ಲಿನಲ್ಲಿಯೂ ಅದು ಇರಲಿಲ್ಲ. ಮರುದಿನ ಬೆಳಗಿನ ವಾಯುವಿಹಾರದ ಗೆಳೆಯರನ್ನು ಕೇಳಿದೆ. ನಿವೃತ್ತ ಎಂಜಿನಿಯರ್, ಬ್ಯಾಂಕ್ ಅಧಿಕಾರಿ, ಪ್ರಾಧ್ಯಾಪಕ ಎಲ್ಲರಿಗೂ ತಾವು ಕೊಂಡ ವೇಗ ಗೊತ್ತಿತ್ತು. ಬಳಸಿದ ಪ್ರಮಾಣ ಒಬ್ಬರಿಗೂ ಗೊತ್ತಿರಲಿಲ್ಲ.

ಅಳತೆ ಇದ್ದಾಗ ಏನು ಸಾಧ್ಯ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಒಂದು ನಿದರ್ಶನವಿದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಜಾರಿಗೆ ಬಂದಾಗ ಪ್ರತಿ ಮನೆಯ ಅರ್ಹತೆಯನ್ನು ನಿರ್ಧರಿಸಿದ್ದು 2022–23ರ ಸರಾಸರಿ ಬಳಕೆಗೆ ಶೇ 10ರಷ್ಟು ಸೇರಿಸಿ, 200 ಯೂನಿಟ್‌ಗಳ ಮಿತಿಯೊಳಗೆ. ಯೋಜನೆಯ ಗುಣದೋಷಗಳ ಚರ್ಚೆ ಬೇರೆ. ಆದರೆ ಅಂಥದೊಂದು ಸೂತ್ರವನ್ನು ರೂಪಿಸಲು ಸಾಧ್ಯವಾದದ್ದು ಪ್ರತಿ ಮನೆಯ ಗೋಡೆಯ ಮೇಲೆ ಒಂದು ಮೀಟರ್ ಇದ್ದುದರಿಂದ, ಮತ್ತು ಅದರ ಅಂಕಿ ತಿಂಗಳಿಗೊಮ್ಮೆ ಕಾಗದದ ಮೇಲೆ ನಮ್ಮ ಕೈಗೆ ಬರುತ್ತಿದ್ದುದರಿಂದ. ಇಂಟರ್ನೆಟ್‌ನ ಮೀಟರ್ ಇರುವುದು ಮಾರುವವನ ಬಳಿ. ಕೊಳ್ಳುವವನು ಅದನ್ನು ನೋಡುವ ಗೋಜಿಗೇ ಹೋಗುವುದಿಲ್ಲ.

ಹಿಂದೆ ಪರಿಸ್ಥಿತಿ ಹೀಗಿರಲಿಲ್ಲ. 1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ತೆರೆದಾಗ ಗಂಟೆಗಳ ಲೆಕ್ಕವಿತ್ತು. ಜೊತೆಗೆ ದೂರವಾಣಿ ಕರೆಯ ಲೆಕ್ಕವೂ ಇತ್ತು. 2004ರ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವನ್ನೇ ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2005ರ ಜನವರಿಯಲ್ಲಿ ಬಿಎಸ್‌ಎನ್‌ಎಲ್ ‘ಡೇಟಾಒನ್’ ಸೇವೆಯನ್ನು ಆರಂಭಿಸಿದಾಗ ಮಧ್ಯಮ ವರ್ಗದ ಮನೆಗಳು ಆಯ್ದುಕೊಂಡದ್ದು ತಿಂಗಳಿಗೆ ಕೆಲವು ನೂರು ಎಂಬಿ, ಹೆಚ್ಚೆಂದರೆ ಒಂದೆರಡು ಜಿಬಿ ಕೊಡುವ ಯೋಜನೆಗಳನ್ನು. ಮಿತಿ ಮೀರಿದರೆ ಪ್ರತಿ ಎಂಬಿಗೂ ಶುಲ್ಕ. ರಾತ್ರಿ 2ರಿಂದ ಬೆಳಗಿನ 8 ಗಂಟೆಯವರೆಗೆ ಮಿತಿಯಿಲ್ಲದ ಬಳಕೆಗೆ ಅವಕಾಶ ನೀಡುವ ಯೋಜನೆಗಳೂ ಬಂದವು. ಆ ದಿನಗಳಲ್ಲಿ ದೊಡ್ಡ ಕಡತವನ್ನು ಇಳಿಸಿಕೊಳ್ಳಲು ಅಲಾರಾಂ ಇಟ್ಟು ಎದ್ದವರು ನಮ್ಮಲ್ಲಿ ಅನೇಕರಿದ್ದಾರೆ. ಕೊರತೆ ನಮಗೆ ಲೆಕ್ಕವನ್ನು ಕಲಿಸಿತ್ತು.

ಹೆಚ್ಚು ಬಳಸಬಲ್ಲವರಾದ ಮೇಲೆ ಲೆಕ್ಕ ಮರೆತೆವು. 2020ರ ಆಗಸ್ಟ್ ಕೊನೆಯಲ್ಲಿ ಜಿಯೊ 399 ರೂಪಾಯಿಗೆ 30 ಎಂಬಿಪಿಎಸ್ ವೇಗದ ‘ಅನಿಯಮಿತ’ ಯೋಜನೆಯನ್ನು ಪ್ರಕಟಿಸಿತು; ಕೆಲವೇ ದಿನಗಳಲ್ಲಿ ಏರ್‌ಟೆಲ್ 499 ರೂಪಾಯಿಗೆ 40 ಎಂಬಿಪಿಎಸ್ ಎಂದಿತು. ಕೋವಿಡ್ ಕಾರಣದಿಂದ ಶಾಲೆ, ಕಚೇರಿಗಳೆರಡೂ ಮನೆಯೊಳಕ್ಕೆ ಬಂದಿದ್ದ ಕಾಲವದು. ಅಲ್ಲಿಂದೀಚೆಗೆ ಜಾಹೀರಾತುಗಳಿಂದ ಜಿಬಿ ಮರೆಯಾಗಿ ಎಂಬಿಪಿಎಸ್ ಮುಂದೆ ಬಂತು. ಈಗ ಮಾರಾಟಕ್ಕಿರುವುದು ವೇಗದ ಏಣಿ: 30, 40, 100, 200, 300 ಹೀಗೆ. ಒಂದೊಂದು ಮೆಟ್ಟಿಲಿಗೂ ಒಂದೊಂದು ಬೆಲೆ. ಮೇಲಿನ ಮೆಟ್ಟಿಲುಗಳಿಗೆ ಸಿನಿಮಾ, ಧಾರಾವಾಹಿ ಆ್ಯಪ್‌ಗಳ ಚಂದಾ ಸೇರ್ಪಡೆ. ನಮ್ಮ ಮನೆಯೂ ಆಗ 300 ಎಂಬಿಪಿಎಸ್‌ನ ಮೆಟ್ಟಿಲು ಹತ್ತಿತು. ಕೋವಿಡ್ ಹೋದರೂ ಇಳಿಯಲಿಲ್ಲ.

‘ಅನಿಯಮಿತ’ ಎಂಬ ಪದಕ್ಕೂ ಸಣ್ಣ ಅಕ್ಷರಗಳಲ್ಲಿ ಒಂದು ನಿಯಮವಿದೆ. ದೊಡ್ಡ ಕಂಪನಿಗಳ ಫೈಬರ್ ಯೋಜನೆಗಳಲ್ಲಿ ಸಾಮಾನ್ಯವಾಗಿ ಕಾಣುವ ಮಾಸಿಕ ಮಿತಿ 3,300 ಜಿಬಿ. ಎಂಟು ಬಿಟ್ ಸೇರಿದರೆ ಒಂದು ಬೈಟ್; ಆದ್ದರಿಂದ 300 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 37.5 ಎಂಬಿ. ಆ ವೇಗವನ್ನು ಪೂರ್ತಿಯಾಗಿ ಬಳಸುತ್ತ ಹೋದರೆ 3,300 ಜಿಬಿ ಮುಗಿಯಲು ಬೇಕಾಗುವುದು 24 ಗಂಟೆ 27 ನಿಮಿಷ. ಅಂದರೆ ಕೊಂಡ ವೇಗವನ್ನು ಒಂದು ದಿನ ಪೂರ್ತಿ ಬಳಸಿದವನಿಗೆ ಉಳಿದ 29 ದಿನ ಆ ವೇಗ ಸಿಗದು. ಅದೇ ಮಿತಿಯನ್ನು 30 ದಿನಗಳಿಗೆ ಹಂಚಿದರೆ ಬರುವ ಸರಾಸರಿ ವೇಗ ಸುಮಾರು 10 ಎಂಬಿಪಿಎಸ್. ಇದನ್ನು ಮೋಸವೆಂದು ನಾನು ಹೇಳುತ್ತಿಲ್ಲ. ಯಾವ ಮನೆಯೂ ಹಗಲಿರುಳು ಪೂರ್ತಿ ವೇಗದಲ್ಲಿ ಬಳಸುವುದಿಲ್ಲ. ಆದರೆ ದೊಡ್ಡ ಅಕ್ಷರದ ಅಂಕಿ ನಮ್ಮ ಬಳಕೆಯ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ಇದರಿಂದ ಸ್ಪಷ್ಟ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಕಂಡುಕೊಳ್ಳಲೆಂದು ನಾನು ಮೂರು ತಿಂಗಳು ಒಂದು ದಿನವಹಿ ಇಟ್ಟೆ. ಪ್ರತಿ ರಾತ್ರಿ 10 ಗಂಟೆಗೆ ಎರಡು ಅಂಕಿಗಳನ್ನು ಬರೆದುಕೊಳ್ಳುವುದು: ಕಂಪನಿಯ ಆ್ಯಪ್ ತೋರಿಸುವ ಬಳಕೆ ಒಂದು, ಮನೆಯ ರೌಟರ್‌ನ ಪುಟದಲ್ಲಿ ಕಾಣುವ ಬಳಕೆ ಇನ್ನೊಂದು. ಆರಂಭದಲ್ಲೇ ಒಂದು ಪಾಠ ಕಲಿತೆ. ನಮ್ಮ ರೌಟರ್‌ನ ಎಣಿಕೆ ವಿದ್ಯುತ್ ಹೋಗಿ ಬಂದರೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ಮೊದಲ ವಾರದ ಮೂರು ದಿನಗಳ ಲೆಕ್ಕ ಹಾಗೆಯೇ ಕಳೆದುಹೋಯಿತು. ಮುಂದೆ ಯುಪಿಎಸ್‌ಗೆ ಜೋಡಿಸಿದ ನಂತರವೂ ಎರಡು ಅಂಕಿಗಳ ನಡುವೆ ಸುಮಾರು ಶೇ 7ರ ಅಂತರ ಉಳಿಯಿತು. ಕಂಪನಿಯ ಮೇಲೆ ಅನುಮಾನಪಡುವ ಮೊದಲು ಕೂತು ಲೆಕ್ಕ ಹಾಕಿದೆ. ಒಬ್ಬರು ಸಾವಿರ ಸಾವಿರವಾಗಿ ಎಣಿಸಿದರೆ ಇನ್ನೊಬ್ಬರು 1,024ರಂತೆ ಎಣಿಸುತ್ತಾರೆ. ಜಿಬಿಯ ಮಟ್ಟಕ್ಕೆ ಬರುವಷ್ಟರಲ್ಲಿ ಆ ವ್ಯತ್ಯಾಸ ಶೇ 7.4 ಆಗುತ್ತದೆ. ಸೇರಿನ ಅಳತೆ ಊರಿಂದೂರಿಗೆ ಬೇರೆಯಾಗಿದ್ದ ಕಾಲ ನೆನಪಾಯಿತು.

ನಾವು ಮನೆಯಲ್ಲಿ ಐದು ಮಂದಿ: ನಾವಿಬ್ಬರು, ವಾರಕ್ಕೆ ಮೂರು ದಿನ ಮನೆಯಿಂದಲೇ ಕೆಲಸ ಮಾಡುವ ಮಗ ಮತ್ತು ಸೊಸೆ, ಮೊಮ್ಮಗ. ಕಂಪನಿಯ ಎಣಿಕೆಯಂತೆಯೇ ಮೊದಲ ತಿಂಗಳ ಬಳಕೆ 286 ಜಿಬಿ, ಶಾಲೆಗೆ ರಜೆಯಿದ್ದ ಎರಡನೆಯ ತಿಂಗಳು 412, ಮೂರನೆಯ ತಿಂಗಳು 331. ಸರಾಸರಿ 343 ಜಿಬಿ. ಮಿತಿಯ ಹತ್ತನೆಯ ಒಂದು ಭಾಗಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ಇದರಲ್ಲಿ ದೊಡ್ಡ ಪಾಲು ಟಿ.ವಿ.ಯದು. ನೆಟ್‌ಫ್ಲಿಕ್ಸ್ ತಾನೇ ಕೊಟ್ಟಿರುವ ಲೆಕ್ಕದಂತೆ ಎಚ್‌ಡಿ ಗುಣಮಟ್ಟಕ್ಕೆ ಗಂಟೆಗೆ 3 ಜಿಬಿವರೆಗೆ, 4ಕೆ ಗುಣಮಟ್ಟಕ್ಕೆ 7 ಜಿಬಿವರೆಗೆ ಬೇಕು. ಕಚೇರಿಯ ವಿಡಿಯೊ ಸಭೆಗೆ ಗಂಟೆಗೆ ಒಂದು ಜಿಬಿಯ ಆಸುಪಾಸು. ಪತ್ರಿಕೆ ಓದುವುದು, ಬ್ಯಾಂಕ್ ವ್ಯವಹಾರ, ಇ–ಮೇಲ್ ಇವುಗಳ ಪಾಲು ಅಡುಗೆಯಲ್ಲಿ ಒಗ್ಗರಣೆಯ ಸಾಸಿವೆಯಷ್ಟು.

ಪ್ರಮಾಣ ತಿಳಿದರೆ ಸಾಲದು, ಒಂದೇ ಹೊತ್ತಿಗೆ ಬೇಕಾಗುವ ಗರಿಷ್ಠ ವೇಗವೂ ತಿಳಿಯಬೇಕು. ನಮ್ಮ ಮನೆಯಲ್ಲಿ ಅತಿ ಹೆಚ್ಚು ಒತ್ತಡ ಬೀಳುವುದು ರಾತ್ರಿ 8ರಿಂದ 9ರ ನಡುವೆ. ಎರಡು ಪರದೆಗಳಲ್ಲಿ ಎಚ್‌ಡಿ ಚಿತ್ರವೆಂದರೆ ತಲಾ 5 ಎಂಬಿಪಿಎಸ್. ಹೊರದೇಶದ ಸಹೋದ್ಯೋಗಿಗಳೊಂದಿಗೆ ಎರಡು ವಿಡಿಯೊ ಸಭೆಗಳು ಎಂದರೆ ತಲಾ 4. ಮೂರ್ನಾಲ್ಕು ಫೋನುಗಳಿಗೆ ಒಟ್ಟು 7 ಎಂದು ಹಿಡಿಯೋಣ. ಎಲ್ಲ ಕೂಡಿದರೆ 25 ಎಂಬಿಪಿಎಸ್. ನಾವು ಕೊಳ್ಳುತ್ತಿದ್ದುದು ಅದರ ಹನ್ನೆರಡು ಪಟ್ಟು.

‘ಹಾಗಾದರೆ ಹಿಂದಿನ ಕೋಣೆಯಲ್ಲಿ ಚಿತ್ರ ಯಾಕೆ ನಿಂತು ನಿಂತು ಬರುತ್ತದೆ?’ ಎಂದು ಮಗ ಕೇಳಿದ. ನ್ಯಾಯವಾದ ಪ್ರಶ್ನೆ. ಲ್ಯಾಪ್‌ಟಾಪನ್ನು ಕೇಬಲ್ ಮೂಲಕ ರೌಟರ್‌ಗೆ ಜೋಡಿಸಿ ಪರೀಕ್ಷಿಸಿದಾಗ ಕಂಪನಿ ಹೇಳಿದ ವೇಗ ಸರಿಯಾಗಿಯೇ ಬರುತ್ತಿತ್ತು. ಹಿಂದಿನ ಕೋಣೆಯಲ್ಲಿ ವೈ–ಫೈ ಮೂಲಕ ನೋಡಿದರೆ ಎರಡಂಕಿ ದಾಟುವುದೇ ಕಷ್ಟವಾಗಿತ್ತು. ರೌಟರ್ ಇದ್ದುದು ಮುಂಬಾಗಿಲ ಬಳಿ, ಕಬ್ಬಿಣದ ಬೀರುವಿನ ಹಿಂದೆ. ನಡುವೆ ಎರಡು ಇಟ್ಟಿಗೆ ಗೋಡೆಗಳು. ಅದನ್ನು ಹಜಾರದ ನಡುಗೋಡೆಗೆ ಏರಿಸಿದ ಮೇಲೆ ತಕರಾರು ನಿಂತಿತು. ಗೋಡೆಯ ದೋಷಕ್ಕೆ ಯೋಜನೆಯನ್ನು ದೂರಿ ಮೇಲಿನ ಮೆಟ್ಟಿಲು ಹತ್ತುವ ಮನೆಗಳು ನಗರದಲ್ಲಿ ಎಷ್ಟಿವೆಯೋ!

ತಿಳಿದವರೂ ಹೀಗೇಕೆ ಹೆಚ್ಚು ತೆರುತ್ತಾರೆ? ಅರ್ಥಶಾಸ್ತ್ರಜ್ಞರು ಈ ಪ್ರಶ್ನೆಯನ್ನು ಬಹಳ ಹಿಂದೆಯೇ ಎತ್ತಿಕೊಂಡಿದ್ದಾರೆ. 2006ರಲ್ಲಿ ಸ್ಟೆಫಾನೊ ಡೆಲ್ಲಾವಿನ್ಯಾ ಮತ್ತು ಉಲ್ರಿಕೆ ಮಾಲ್ಮೆಂಡಿಯರ್ ಅಮೆರಿಕದ ವ್ಯಾಯಾಮಶಾಲೆಗಳ ದಾಖಲೆಗಳನ್ನು ಪರಿಶೀಲಿಸಿದರು. ಒಂದು ಭೇಟಿಗೆ 10 ಡಾಲರ್‌ನಂತೆ ಕೊಡುವ ಅವಕಾಶವಿದ್ದರೂ ಮಾಸಿಕ ಶುಲ್ಕ ಆಯ್ದುಕೊಂಡವರು, ಅಪರೂಪಕ್ಕೆ ಹೋಗುತ್ತ, ಭೇಟಿಯೊಂದಕ್ಕೆ 17 ಡಾಲರಿಗೂ ಹೆಚ್ಚು ತೆತ್ತಂತಾಗಿತ್ತು. ಅದೇ ವರ್ಷ ಅಂಜಾ ಲ್ಯಾಂಬ್ರೆಕ್ಟ್ ಮತ್ತು ಬರ್ನ್ಡ್ ಸ್ಕೀರಾ ಇಂಟರ್ನೆಟ್ ಗ್ರಾಹಕರ ದಾಖಲೆಗಳನ್ನೇ ಮುಂದಿಟ್ಟುಕೊಂಡು, ಜನ ಏಕದರಕ್ಕೆ ಒಲಿಯಲು ಇರಬಹುದಾದ ನಾಲ್ಕು ಕಾರಣಗಳನ್ನು ಚರ್ಚಿಸಿದರು: ಬಿಲ್ ಏರೀತೆಂಬ ಭಯದಿಂದ ವಿಮೆ, ಲೆಕ್ಕದ ತಾಪತ್ರಯವಿಲ್ಲದ ಅನುಕೂಲ, ತನ್ನ ಬಳಕೆಯ ಬಗ್ಗೆ ಅತಿಯಾದ ಅಂದಾಜು, ಮತ್ತು ಅವರು ‘ಟ್ಯಾಕ್ಸಿ ಮೀಟರ್ ಪರಿಣಾಮ’ ಎಂದು ಕರೆದದ್ದು. ಬೆಂಗಳೂರಿನ ಸಿಗ್ನಲ್‌ನಲ್ಲಿ ನಿಂತ ಆಟೊದೊಳಗೆ ಕೂತು ಮೀಟರ್ ನೋಡಿದವರಿಗೆ ಕೊನೆಯದನ್ನು ವಿವರಿಸಬೇಕಿಲ್ಲ. ಮೀಟರ್ ಓಡುತ್ತಿದ್ದರೆ ಪ್ರಯಾಣದ ಸುಖವೇ ಹೋಗುತ್ತದೆ. ನೆಮ್ಮದಿಗೂ ಒಂದು ಬೆಲೆಯಿದೆ ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ನೆಮ್ಮದಿಗೆ ಎಷ್ಟು ತೆರುತ್ತಿದ್ದೇನೆಂದು ತಿಳಿದು ತೆರುವುದು ಬೇರೆ, ತಿಳಿಯದೆ ತೆರುವುದು ಬೇರೆ.

ಕಂಪನಿಗಳ ಪರವಾಗಿಯೂ ಒಂದು ಮಾತು ಹೇಳಬೇಕು. ಬೀದಿ ಬೀದಿಗೆ ಫೈಬರ್ ಎಳೆಯುವುದು ಭಾರಿ ಖರ್ಚಿನ ಕೆಲಸ. ಎಳೆದ ಮೇಲೆ ಒಂದು ಜಿಬಿ ಹೆಚ್ಚು ಹರಿದರೆ ತಗಲುವ ಹೆಚ್ಚುವರಿ ವೆಚ್ಚ ತೀರ ಅಲ್ಪ. ಇಂಥ ಉದ್ಯಮದಲ್ಲಿ ಜಿಬಿ ಲೆಕ್ಕದ ಬೆಲೆಗಿಂತ ಏಕದರವೇ ಸಹಜ. ಕೊಡಬಲ್ಲವರಿಂದ ಹೆಚ್ಚು ಪಡೆಯಲು ಮೆಟ್ಟಿಲುಗಳನ್ನು ಕಟ್ಟುವುದೂ ಸಹಜ. 40 ಮತ್ತು 300 ಎಂಬಿಪಿಎಸ್‌ಗಳ ನಡುವೆ ಸಾಮಾನ್ಯವಾಗಿ ಫೈಬರ್ ಬದಲಾಗುವುದಿಲ್ಲ, ಕಂಪನಿಯ ಕಡೆಯ ಒಂದು ಹೊಂದಾಣಿಕೆ ಬದಲಾಗುತ್ತದೆ. ಫ್ರಾನ್ಸಿನ ಎಂಜಿನಿಯರ್ ಜೂಲ್ ದ್ಯುಪ್ವಿ 1849ರಲ್ಲಿಯೇ ರೈಲುಗಳ ಬಗ್ಗೆ ಇದನ್ನು ಗುರುತಿಸಿದ್ದ: ಮೂರನೆಯ ದರ್ಜೆಯ ಬೋಗಿಗೆ ಚಾವಣಿ ಹಾಕದಿರುವುದು ಹಣ ಉಳಿಸಲಿಕ್ಕಲ್ಲ, ಎರಡನೆಯ ದರ್ಜೆಗೆ ಹಣ ಕೊಡಬಲ್ಲವರು ಮೂರನೆಯದರಲ್ಲಿ ಕೂರದಿರಲಿ ಎಂದು. ಈ ಬೆಲೆ ನೀತಿಯಿಂದ ಜಾಲ ವಿಸ್ತರಣೆಗೆ ಹಣ ಹುಟ್ಟುತ್ತದೆ ಎಂಬುದೂ ನಿಜ. ನನ್ನ ಆಕ್ಷೇಪ ಮೆಟ್ಟಿಲುಗಳ ಬಗ್ಗೆ ಅಲ್ಲ. ಯಾವ ಮೆಟ್ಟಿಲು ತನಗೆ ಸಾಕು ಎಂದು ತಿಳಿಯುವ ಸಾಧನವನ್ನು ಗ್ರಾಹಕನ ಕೈಗೆ ಕೊಡದಿರುವುದರ ಬಗ್ಗೆ.

ನೀತಿ ರೂಪಿಸುವವರ ಗಮನವೂ ವೇಗದ ಮೇಲೆಯೇ ನೆಟ್ಟಿದೆ. 2018ರ ರಾಷ್ಟ್ರೀಯ ಡಿಜಿಟಲ್ ಸಂವಹನ ನೀತಿ 2022ರೊಳಗೆ ಪ್ರತಿ ಪ್ರಜೆಗೂ 50 ಎಂಬಿಪಿಎಸ್ ಎಂಬ ಗುರಿ ಇಟ್ಟುಕೊಂಡಿತ್ತು. ಬ್ರಾಡ್‌ಬ್ಯಾಂಡ್‌ನ ಕನಿಷ್ಠ ವೇಗ 2 ಎಂಬಿಪಿಎಸ್ ಎಂದು ವ್ಯಾಖ್ಯಾನ ಬದಲಾದದ್ದು 2023ರ ಜನವರಿಯಲ್ಲಿ. ಬಳಕೆಯ ಮಿತಿ ದಾಟಿದ ಮೇಲೂ ಮನೆಯ ಸ್ಥಿರ ಸಂಪರ್ಕದ ವೇಗ 512 ಕಿಲೋಬಿಟ್‌ಗಿಂತ ಕೆಳಗಿಳಿಯಬಾರದು ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 2016ರಲ್ಲಿ ನಿರ್ದೇಶನ ನೀಡಿತು. ಮೀಟರಿಂಗ್ ಮತ್ತು ಬಿಲ್ಲಿಂಗ್‌ನ ನಿಖರತೆಗೆ 2006ರಿಂದಲೇ ನಿಯಮಗಳಿವೆ. 2023ರಲ್ಲಿ ಅವು ಪರಿಷ್ಕರಣೆಗೊಂಡವು. ಸೇವೆಯ ಗುಣಮಟ್ಟದ ಹೊಸ ನಿಯಮಗಳು 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದವು. ಇವೆಲ್ಲ ಸ್ವಾಗತಾರ್ಹವೇ. ಆದರೆ ಇವೆಲ್ಲವೂ ಮಾರುವವನು ಏನು ಕೊಡಬೇಕೆಂಬುದರ ಕುರಿತು. ಕೊಳ್ಳುವವನಿಗೆ ನಿಜವಾಗಿ ಎಷ್ಟು ಬೇಕೆಂಬುದು ಇನ್ನೂ ಯಾರ ವಿಷಯವೂ ಆಗಿಲ್ಲ.

ಆ ದಿಕ್ಕಿನಲ್ಲಿ ಟ್ರಾಯ್ ಒಮ್ಮೆ ಹೆಜ್ಜೆ ಇಟ್ಟದ್ದು ಮೊಬೈಲ್ ವಿಷಯದಲ್ಲಿ. ಡೇಟಾ ಬೇಡದ ಗ್ರಾಹಕರು ಡೇಟಾಗೆ ಹಣ ತೆರುವಂತಾಗಬಾರದು ಎಂಬ ಕಾರಣಕ್ಕೆ, ಕರೆ ಮತ್ತು ಎಸ್‌ಎಂಎಸ್‌ಗೆ ಮಾತ್ರ ಮೀಸಲಾದ ರೀಚಾರ್ಜ್ ಒಂದನ್ನಾದರೂ ಪ್ರತಿ ಕಂಪನಿ ಕೊಡಬೇಕೆಂದು 2024ರ ಡಿಸೆಂಬರ್ 23ರಂದು ನಿಯಮ ತಂದಿತು. ಹಿರಿಯ ನಾಗರಿಕರೂ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇರುವವರೂ ಅದರ ಫಲಾನುಭವಿಗಳು. ಬಳಸದ ಸರಕಿಗೆ ಬೆಲೆ ತೆರಬೇಕಿಲ್ಲ ಎಂಬ ಆ ತತ್ವವನ್ನು ಮನೆಯ ಬ್ರಾಡ್‌ಬ್ಯಾಂಡ್‌ಗೂ ವಿಸ್ತರಿಸಬಾರದೇಕೆ? ಅಮೆರಿಕದಲ್ಲಿ 2024ರ ಏಪ್ರಿಲ್‌ನಿಂದ ದೊಡ್ಡ ಕಂಪನಿಗಳು ಪ್ರತಿ ಯೋಜನೆಯ ಮಾಸಿಕ ಬೆಲೆ, ವೇಗ, ಡೇಟಾ ಮಿತಿ, ಮಿತಿ ದಾಟಿದರೆ ತಗಲುವ ಶುಲ್ಕ ಇವನ್ನು ಆಹಾರ ಪೊಟ್ಟಣದ ಮೇಲಿನ ಪೌಷ್ಟಿಕಾಂಶ ಪಟ್ಟಿಯ ಮಾದರಿಯಲ್ಲಿ ಮುದ್ರಿಸಬೇಕೆಂಬ ನಿಯಮ ಜಾರಿಗೆ ಬಂತು. ನಮ್ಮಲ್ಲಿ ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬಹುದು.

ನನ್ನ ಸಲಹೆ ಮೂರು. ಮೊದಲನೆಯದಾಗಿ, ಪ್ರತಿ ಮಾಸಿಕ ಬಿಲ್ಲಿನಲ್ಲಿ ಆ ತಿಂಗಳು ಬಳಸಿದ ಜಿಬಿ, ಹಿಂದಿನ 12 ತಿಂಗಳ ಸರಾಸರಿ, ಹಾಗೂ ಬಳಕೆ ಮುಟ್ಟಿದ ಗರಿಷ್ಠ ವೇಗ ಇವನ್ನು ಕಡ್ಡಾಯವಾಗಿ ನಮೂದಿಸಬೇಕು. ಯಾರು ಯಾವ ತಾಣ ನೋಡಿದರು ಎಂಬ ಖಾಸಗಿ ವಿವರಕ್ಕೂ ಇದಕ್ಕೂ ಸಂಬಂಧವಿಲ್ಲ. ವಿದ್ಯುತ್ ಬಿಲ್ಲು ಯಾವ ದೀಪ ಉರಿಯಿತೆಂದು ಹೇಳುವುದಿಲ್ಲ. ಎರಡನೆಯದಾಗಿ, ಜಿಬಿಯ ಎಣಿಕೆಗೆ ಒಂದೇ ಮಾನದಂಡ ಇರಬೇಕು. ಮೂರನೆಯದಾಗಿ, ಮೇಲಿನ ಮೆಟ್ಟಿಲು ಹತ್ತುವಷ್ಟೇ ಸುಲಭವಾಗಿ ಕೆಳಗಿನ ಮೆಟ್ಟಿಲಿಗೆ ಇಳಿಯುವಂತಿರಬೇಕು. ನನ್ನ ಅನುಭವದಲ್ಲಿ ಹತ್ತುವುದು ಫೋನಿನ ಮೇಲೆ ಎರಡು ಬಾರಿ ಬೆರಳಿಟ್ಟರೆ ಮುಗಿಯುತ್ತದೆ. ಇಳಿಯಲು ನಾಲ್ಕು ಕರೆ, ಹನ್ನೊಂದು ದಿನ ಬೇಕಾಯಿತು.

ನಿಯಮ ಬರುವವರೆಗೆ ಕಾಯಬೇಕಿಲ್ಲ. ಓದುಗರು ಒಂದು ತಿಂಗಳು ತಮ್ಮ ಬಳಕೆಯನ್ನು ಬರೆದಿಟ್ಟು ನೋಡಲಿ. ತಂತಿಯಿಲ್ಲದ 5ಜಿ ಮನೆ ಸಂಪರ್ಕ ಪಡೆದವರಿಗಂತೂ ಇದು ತೀರ ಅಗತ್ಯ. ಅಲ್ಲಿ ಮಿತಿ 1,000 ಜಿಬಿಯ ಸುತ್ತ ಇರುವುದುಂಟು. ದಿನಕ್ಕೆ ನಾಲ್ಕು ಗಂಟೆ 4ಕೆ ಟಿ.ವಿ. ನೋಡುವ ಮನೆ ಅದೊಂದರಿಂದಲೇ ತಿಂಗಳಿಗೆ 840 ಜಿಬಿವರೆಗೆ ಬಳಸಬಹುದು. ಅಂಥವರಿಗೆ ಲೆಕ್ಕವು ಕೆಳಗಿಳಿಯಲು ಅಲ್ಲ, ಬೇರೆ ಬಗೆಯ ಸಂಪರ್ಕಕ್ಕೆ ಬದಲಾಗಲು ಹೇಳೀತು. ಅಳತೆಯ ಉದ್ದೇಶ ಜಿಪುಣತನವಲ್ಲ, ವಿವೇಕ. ವಿವಾದ ಬಂದರೆ ಮೊದಲು ಕಂಪನಿಯ ದೂರು ಕೇಂದ್ರ, ಆಮೇಲೆ ಅದರದೇ ಮೇಲ್ಮನವಿ ಪ್ರಾಧಿಕಾರ ಇವೆ. ದೂರಸಂಪರ್ಕದ ದೂರುಗಳನ್ನು ಗ್ರಾಹಕ ಆಯೋಗಗಳೂ ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದೆ. ಅಲ್ಲಿ ವಾದಿಸಲು ಬೇಕಾಗುವುದೂ ದಿನವಹಿಯೇ.

ನನ್ನ ಲೆಕ್ಕದ ಪ್ರಕಾರ 40 ಎಂಬಿಪಿಎಸ್ ನಮ್ಮ ಮನೆಗೆ ಧಾರಾಳ. ಮಗ ಒಪ್ಪಲಿಲ್ಲ. ಕಚೇರಿಯ ದೊಡ್ಡ ಕಡತಗಳ ಕಾರಣ ಮುಂದಿಟ್ಟ. ಕೊನೆಗೆ 799 ರೂಪಾಯಿಯ 100 ಎಂಬಿಪಿಎಸ್‌ಗೆ ರಾಜಿಯಾಯಿತು. ತೆರಿಗೆ ಸೇರಿ ತಿಂಗಳಿಗೆ 826 ರೂಪಾಯಿ, ವರ್ಷಕ್ಕೆ 9,912 ರೂಪಾಯಿ ಉಳಿತಾಯ. ವ್ಯತ್ಯಾಸ ಮನೆಯಲ್ಲಿ ಯಾರ ಅನುಭವಕ್ಕೂ ಬಂದಿಲ್ಲ.

ಇನ್ನೊಂದನ್ನೂ ದಾಖಲಿಸಬೇಕು. ಆ ಹುಡುಗಿಗೆ ವೈ–ಫೈ ಪಾಸ್‌ವರ್ಡ್ ಕೊಟ್ಟಿದ್ದೇವೆ. ಸಂಜೆ ತಾಯಿಯ ಕೆಲಸ ಮುಗಿಯುವವರೆಗೆ ಒಳಗೆ ಹಜಾರದಲ್ಲಿ ಕುಳಿತು ಪಾಠ ಕೇಳುತ್ತಾಳೆ. ಮೊದಲ ತಿಂಗಳಲ್ಲಿ ಆಕೆಯ ಫೋನಿನ ಬಳಕೆ ಎಷ್ಟೆಂದು ನೋಡಿದೆ: 19 ಜಿಬಿ. ನಮ್ಮ ಬಿಲ್ಲಿನಲ್ಲಿ ಒಂದು ಪೈಸೆಯೂ ಹೆಚ್ಚಾಗಿಲ್ಲ. ಹಳೆಯ ಅಭ್ಯಾಸದಂತೆ ಆಕೆ ಚಿತ್ರದ ಗುಣಮಟ್ಟವನ್ನು ಈಗಲೂ ತಗ್ಗಿಸಿಯೇ ನೋಡುತ್ತಾಳೆ. ಏರಿಸಿಕೊಳ್ಳಮ್ಮ ಎಂದರೆ, ‘ಅಷ್ಟೇ ಸಾಕು ತಾತ’ ಎನ್ನುತ್ತಾಳೆ.